ಹತ್ತಿಕುಣಿಯ ಹಸಿರು ಸೀರೆ

ಬೆಳಿಗ್ಗೆ ಚಹಾ ಕುಡಿಯುತ್ತಾ ಟಿವಿ ಹಚ್ಚಿದರೆ ಯಾವುದೋ ದೇಶದ ರಾಣಿ ಇನ್ನಾವುದೋ ದೇಶದಲ್ಲಿ ವಿಮಾನದಿಂದ ಇಳಿಯುತ್ತಿದ್ದಳು. ಮೈಮೇಲೆ ಕರೆದವರ ನಾಡಿನದೇ ನೇಯ್ಗೆ. ಸ್ವಾಗತಕ್ಕೆ ನಿಂತವರ ಮುಖವೆಲ್ಲ ಅರಳಿತ್ತು. ಇದು ಉಡುಪಿನ ರಾಜತಾಂತ್ರಿಕತೆ ಎಂದು ವಾರ್ತೆಯವಳು ಹೊಸದೇನೋ ಕಂಡುಹಿಡಿದವಳಂತೆ ಹೇಳಿದಳು. ನನಗೆ ನಗು ಬಂತು. ನಮ್ಮ ಗಂಗತ್ತೆಗೆ ಇದೆಲ್ಲ ಎಂದೋ ಗೊತ್ತಿತ್ತು.

ಗಂಗತ್ತೆ ನನ್ನ ಅಪ್ಪನ ಅಕ್ಕ. ಸುರಪುರದಲ್ಲಿ ನಮ್ಮ ಜೊತೆಗೇ ಇದ್ದವಳು. ಯಾರ ಮನೆಗೆ ಹೋಗಲಿ, ಯಾರೇ ಬರಲಿ, ಅವರು ಆಯೇರಿ ಮಾಡಿದ, ಅಂದರೆ ಉಡುಗೊರೆ ಕೊಟ್ಟ ಸೀರೆಯನ್ನೇ ಹುಡುಕಿ ಉಡುವಳು. ಕೇಳಿದರೆ ಅರಮನೆಯ ಕಥೆ ತೆಗೆಯುವಳು.

“ನಮ್ಮ ರಾಜರು ಹಂಗ ಮಾಡ್ತಿದ್ರವ್ವ. ಹೈದರಾಬಾದಿನವ್ರು ಬಂದ್ರ ಅವ್ರು ಕೊಟ್ಟ ಶಾಲು ಹೊತ್ಕೊಂಡs ದರ್ಬಾರಿನ್ಯಾಗ ಕೂಡ್ತಿದ್ರು. ಬಂದವರ ಸಿಟ್ಟು ಅಲ್ಲೇ ಅರ್ಧ ಇಳೀತಿತ್ತು.”

ಅತ್ತೆ ಹುಟ್ಟುವ ಹೊತ್ತಿಗೆ ರಾಜರೂ ಇರಲಿಲ್ಲ, ದರ್ಬಾರೂ ಇರಲಿಲ್ಲ. ಆದರೂ ಪಕ್ಕದಲ್ಲೇ ನಿಂತು ಬೀಸಣಿಗೆ ಬೀಸಿದವಳ ಹಾಗೆ ಹೇಳುತ್ತಿದ್ದಳು.

ನನ್ನನ್ನು ನೋಡಲು ದೋರನಹಳ್ಳಿಯವರು ಬಂದರು. ಹುಡುಗ ಭೀಮರಾಯನಗುಡಿಯ ನೀರಾವರಿ ಆಫೀಸಿನಲ್ಲಿ ಗುಮಾಸ್ತ. ಅವನನ್ನು ಮೊದಲೇ ಒಂದು ಮದುವೆಯಲ್ಲಿ ಕಂಡಿದ್ದೆ, ಹಿಡಿಸಿಬಿಟ್ಟಿದ್ದ. ನಾಚಿಕೆ ಬಿಟ್ಟು ಹೇಳುತ್ತೇನೆ, ಈ ಸಂಬಂಧ ಕೂಡಲಿ ಎಂದು ಊರಿನ ಎಲ್ಲ ದೇವರಿಗೂ ಕೈ ಮುಗಿದಿದ್ದೆ. ಹುಡುಗನ ತಾಯಿಯ ತವರು ಹತ್ತಿಕುಣಿ ಎಂದು ತಿಳಿದದ್ದೇ ತಡ, ಗಂಗತ್ತೆ ಆ ತವರಿನವರೇ ಹಿಂದೆ ಯಾವುದೋ ಮದುವೆಯಲ್ಲಿ ಕೊಟ್ಟಿದ್ದ ಹಸಿರು ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು.

ಅವಲಕ್ಕಿ ತಟ್ಟೆ ಹಿಡಿದು ಪಡಸಾಲೆಗೆ ಬಂದರೆ ಯಾರೂ ನನ್ನನ್ನು ನೋಡುತ್ತಿಲ್ಲ. ಹುಡುಗನ ತಾಯಿ ಅತ್ತೆಯ ಸೆರಗು ಹಿಡಿದಿದ್ದರು.

“ಈ ಸೀರಿ ಎಲ್ಲೀದ್ರಿ?”

“ನಿಮ್ಮ ತವರುಮನೀದs ರೀ. ನಿಮ್ಮ ಅಣ್ಣನ ಹೆಂಡತಿ ಉಡಿಸ್ಯಾರ” ಎಂದಳು ಅತ್ತೆ, ಹೆಮ್ಮೆಯಿಂದ.

“ಅಕಿಗೆ ಇದನ್ನ ಉಡಿಸಿದಾಕಿ ನಾನು! ಶಹಾಪುರದಾಗ ಅಂಗಡಿ ಅಂಗಡಿ ತಿರುಗಿ ತಂದಿದ್ದೆ. ಒಂದಿನಾನೂ ಉಡದs ದಾಟಿಸಿಬಿಟ್ಟಾಳ ನೋಡ್ರಿ!”

ಬಂದ ಸೀರೆಯನ್ನು ಇನ್ನೊಬ್ಬರಿಗೆ ದಾಟಿಸುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ, ನೀವೂ ಮಾಡಿರುತ್ತೀರಿ. ಸಿಕ್ಕಿಬೀಳಬಾರದು, ಅಷ್ಟೇ. ಹುಡುಗನ ತಾಯಿಯ ಮುಖ ಕೆಂಪಾಯಿತು. ಅಪ್ಪ ಮಾಳಿಗೆಯ ಜಂತಿ ನೋಡತೊಡಗಿದ. ಸಂಬಂಧ ಮುರಿದೇ ಹೋಯಿತು ಎಂದುಕೊಂಡೆ. ಆ ಸೀರೆಯ ಮೇಲೆ ಕೆಟ್ಟ ಸಿಟ್ಟು ಬಂತು, ಅತ್ತೆಯ ಅರಮನೆಯ ಮೇಲೂ.

ಗಂಗತ್ತೆ ಮಾತ್ರ ಸೆರಗು ಬಿಡಿಸಿಕೊಳ್ಳಲಿಲ್ಲ.

“ಅಕಿಗ್ಯಾಕ ಬೈತೀರಿ ಬೀಗತ್ಯಾರ? ನಮ್ಮ ಹುಡುಗೀನ್ನ ಕೇಳಾಕ ನಿಮ್ಮ ಸೀರಿ ನಿಮಗಿಂತ ಮೊದಲs ಬಂದು ಕುಂತದ. ಈಗ ನೀವು ಬಂದೀರಿ. ಇನ್ನೇನದ, ಸಕ್ಕರಿ ಹಂಚೋಣು.”

ಮಾತುಕತೆ ಮುಗಿಯುವ ಮೊದಲೇ ಅವರನ್ನು ಬೀಗಿತ್ತಿ ಮಾಡಿಬಿಟ್ಟಿದ್ದಳು. ಅವರು ನಕ್ಕುಬಿಟ್ಟರು. ಎಂಥ ನಗು ಅಂದರೆ, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಹುಡುಗ ಗಾಬರಿಯಾಗಿ ಒಳಗೆ ಬಂದ. ನಾನು ಅವನನ್ನು ನೋಡಿದೆ, ಅವನು ಅವಲಕ್ಕಿಯನ್ನು ನೋಡಿದ.

ಟಿವಿ ಆರಿಸಿ ಎದ್ದೆ. ನಮ್ಮ ಮಗನ ಮದುವೆ ಗೊತ್ತಾಗಿದೆ, ಗುರುಮಠಕಲ್ಲಿನ ಬೀಗರು ಇವತ್ತು ಊಟಕ್ಕೆ ಬರುವವರು. ಅವರು ಕೊಟ್ಟ ಗುಲಾಬಿ ಸೀರೆಯ ಬಣ್ಣ ಕಣ್ಣಿಗೆ ಚುಚ್ಚುತ್ತದೆ ಎಂದು ನಾದಿನಿಗೆ ದಾಟಿಸಲು ಚೀಲದಲ್ಲಿ ಕಟ್ಟಿಟ್ಟಿದ್ದೆ. ಚೀಲ ಬಿಚ್ಚಿದೆ. ಉಟ್ಟು ಹೊರಗೆ ಬಂದರೆ ನನ್ನ ಗಂಡ, ಅದೇ ಗುಮಾಸ್ತ, “ಯಾವ ರಾಜ್ಯದ ರಾಣಿಯವ್ರು ಬಂದಾರ ಇವತ್ತ?” ಎಂದರು.

“ಸುರಪುರದಾಕೀನ ರೀ” ಎಂದೆ.

ಗುರುಮಠಕಲ್ಲಿನ ಬೀಗಿತ್ತಿ ಹೊಸ್ತಿಲಲ್ಲೇ ನಿಂತುಬಿಟ್ಟರು. “ಉಟ್ಟೀರಿ! ನಿಮಗ ಹಿಡಿಸ್ತದೋ ಇಲ್ಲೋ ಅಂತ ಭಾಳ ಹೆದರಿದ್ದೆ ರೀ” ಎನ್ನುತ್ತಾ ನನ್ನ ಸೆರಗು ಹಿಡಿದರು. ಮಗಳನ್ನು ಕೊಡುವ ತಾಯಿ, ಕಣ್ಣು ತುಂಬಿಬಂದಿತ್ತು. ನಾನು ಸೆರಗು ಬಿಡಿಸಿಕೊಳ್ಳಲಿಲ್ಲ.