ಎಡಗೈಯ ಸೌತೆಬೀಜ

ನಾನು ಚಿಕ್ಕವನಿದ್ದಾಗ ನನಗೆ ಒಂದು ಒಳ್ಳೆಯ ಕೈ, ಒಂದು ಕೆಟ್ಟ ಕೈ ಇದ್ದವು. ನಗಬೇಡಿ ಮಕ್ಕಳೇ, ಹಾಗೆ ಹೇಳುತ್ತಿದ್ದವರು ದೊಡ್ಡವರು. ಬಲಗೈ ಒಳ್ಳೆಯದು, ಎಡಗೈ ಕೆಟ್ಟದ್ದು. ನಾನೋ ಹುಟ್ಟು ಎಡಚ. ಶಾಲೆಯಲ್ಲಿ ಬಳಪ ಎಡಗೈಗೆ ಹೋದರೆ ಸಾಕು, ಮೇಷ್ಟ್ರ ರೂಲುಕಟ್ಟಿಗೆ ಗೆಣ್ಣಿನ ಮೇಲೆ ಕುಣಿಯುತ್ತಿತ್ತು. ಊಟಕ್ಕೆ ಕೂತರೆ ಅವ್ವ ಹಳೆಯ ಸೀರೆಯ ಚೂರಿನಿಂದ ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಬಿಡುತ್ತಿದ್ದಳು. ಬಲಗೈಯಲ್ಲಿ ಎತ್ತಿದ ಸಾರು ಬಾಯಿಗಿಂತ ಅಂಗಿಗೇ ಹೆಚ್ಚು ಸೇರುತ್ತಿತ್ತು.

ಆಗ ನಮ್ಮ ಬಳ್ಳಾರಿ ಜಿಲ್ಲೆ ಮದ್ರಾಸ್ ಸರ್ಕಾರಕ್ಕೆ ಸೇರಿತ್ತು. ನಮ್ಮ ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಆ ಬೇಸಿಗೆಯಲ್ಲಿ ಅಕ್ಕನ ಮದುವೆ ಬುಕ್ಕಸಾಗರದ ಹುಡುಗನ ಜೊತೆ ಗೊತ್ತಾಗಿತ್ತು. ಮದುವೆ ಗೊತ್ತಾಯಿತೋ ಇಲ್ಲವೋ, ನಮ್ಮ ಮನೆಗಳಲ್ಲಿ ಸೌತೆಬೀಜ ಹೊಸೆಯುವ ಕೆಲಸ ಶುರು. ನಿಜವಾದ ಬೀಜ ಅಲ್ಲ ಅದು. ಸಣ್ಣ ಗೋಧಿ ರವೆಯನ್ನು ಹಾಲಿನಲ್ಲಿ ನಾದಿ, ಒರಳಲ್ಲಿ ಕುಟ್ಟಿ, ಬೆಣ್ಣೆಯಂತೆ ಮೆತ್ತಗೆ ಮಾಡುತ್ತಿದ್ದರು. ಅದರಲ್ಲಿ ಮೆಣಸಿನ ಕಾಳಿಗಿಂತ ಸಣ್ಣ ಚೂರು ಚಿವುಟಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದರೆ ಸೌತೆಕಾಯಿಯ ಬೀಜದಂಥ ಪುಟ್ಟ ಶಾವಿಗೆ ಮೊರಕ್ಕೆ ಉದುರುತ್ತಿತ್ತು. ಎರಡೂ ತುದಿ ಚೂಪು, ನಡುವೆ ಒಂಚೂರು ಹೊಟ್ಟೆ, ಹೊಸೆದ ಬೆರಳಿನ ಗುರುತಾಗಿ ಒಂದು ಸಣ್ಣ ತಿರುವು. ಮನೆಯ ತುಂಬ ಹಾಲು, ಹಸಿ ಗೋಧಿಯ ಘಮ. ಒಣಗಿಸಿಟ್ಟರೆ ಮದುವೆಯ ದಿನ ಬೆಲ್ಲ ಹಾಕಿ ಹುಗ್ಗಿ.

ಮದುಮಗಳು ತಾನೇ ಹೊಸೆದದ್ದನ್ನು ಬೇರೆ ತಟ್ಟೆಯಲ್ಲಿಟ್ಟು ಬೀಗರ ಮನೆಯ ಹೆಂಗಸರಿಗೆ ತೋರಿಸಬೇಕಿತ್ತು. ಬೀಜ ಸಣ್ಣಗಿದ್ದಷ್ಟೂ ಹುಡುಗಿ ಜಾಣೆ. ಅಕ್ಕನ ತಟ್ಟೆ ಅರ್ಧ ತುಂಬುವಷ್ಟರಲ್ಲಿ ಅವಳ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಯಿತು. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಕೂತಳು ಪಾಪ. ಬೀಗರು ಬರುವುದು ಮೂರೇ ದಿನಕ್ಕೆ. ಮಧ್ಯಾಹ್ನ ಅವ್ವ ಮಲಗಿದ್ದಾಗ ಅಕ್ಕ ನನ್ನನ್ನು ಒಳಕೋಣೆಗೆ ಕರೆದಳು. ಅವಳ ಕಣ್ಣು ಕೆಂಪಗಾಗಿದ್ದವು.

"ತಮ್ಮಾ, ಉಳಿದಿದ್ದು ನೀ ಹೊಸಿತೀಯೇನೋ? ಅವ್ವಗ ಹೇಳಬ್ಯಾಡ."

"ಬಲಗೈಲಿ ನಂಗ ಬರಂಗಿಲ್ಲಕ್ಕಾ."

"ಎಡಗೈಲಿ ಹೊಸಿ. ಕದಾ ಹಾಕೀನಿ, ಯಾರು ನೋಡ್ತಾರ?"

ಮಕ್ಕಳೇ, ಆ ಮೂರು ಮಧ್ಯಾಹ್ನಗಳನ್ನು ನಾನು ಮರೆತಿಲ್ಲ. ಬೈಯುವವರಿಲ್ಲ, ಕಟ್ಟುವವರಿಲ್ಲ. ನನ್ನ ಎಡಗೈ ಮೊದಲ ಸಲ ತನ್ನಿಷ್ಟದಂತೆ ಓಡಾಡಿತು. ಜೀರಿಗೆಯಷ್ಟು ಸಣ್ಣ ಬೀಜಗಳು, ಒಂದರ ಹಿಂದೆ ಒಂದು. ಅಕ್ಕ ಒಂದನ್ನು ಬೆಳಕಿಗೆ ಹಿಡಿದು, "ಲೇ, ಇವು ನನ್ನವುಕ್ಕಿಂತ ಚೆಂದ ಅದಾವಲ್ಲೋ!" ಎಂದಳು. ನಾನು ಉಬ್ಬಿಹೋದೆ.

ಬುಕ್ಕಸಾಗರದಿಂದ ಬಂಡಿ ಬಂತು. ಇಳಿದವರಲ್ಲಿ ದೊಡ್ಡವರು ಮದುಮಗನ ಅಜ್ಜಿ. ಹಣೆಯ ತುಂಬ ವಿಭೂತಿ, ಬಾಯಲ್ಲಿ ಎಲೆಅಡಿಕೆ. ಅಕ್ಕ ನಿಂಬೆಹಣ್ಣು ತೆಗೆದಿಟ್ಟು, ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಟ್ಟೆ ತಂದಿಟ್ಟಳು. ಅಜ್ಜಿ ಒಂದು ಚಿಟಿಕೆ ಬೀಜ ಎತ್ತಿ ಅಂಗೈಯಲ್ಲಿ ಹರಡಿಕೊಂಡು ಬಹಳ ಹೊತ್ತು ನೋಡಿದರು.

"ಯವ್ವಾ, ಈ ತಾಟಿನ್ಯಾಗ ಎರಡು ಕೈ ಅದಾವ. ಇವು ಬಲಕ್ಕ ತಿರುಗ್ಯಾವ, ಇವು ಎಡಕ್ಕ. ಯಾರವ್ವಾ ಎಡಗೈಯಾಕಿ?"

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಕಂಬದ ಹಿಂದೆ ನಿಂತಿದ್ದ ನಾನು ಎಡಗೈಯನ್ನು ಚಡ್ಡಿಯ ಜೇಬಿಗೆ ತುರುಕಿಕೊಂಡೆ. ಮದುವೆಯ ಅಡುಗೆಗೆ ಎಡಗೈ! ನನ್ನಿಂದಾಗಿ ಅಕ್ಕನ ಮದುವೆ ಮುರಿಯುತ್ತದೆ ಎಂದುಕೊಂಡೆ.

ಬೆರಳು ನೋಯುತ್ತಿದ್ದರೂ ಅಕ್ಕನೇ ಹೇಗೋ ಹೊಸೆದು ಮುಗಿಸಿದಳೆಂದು ಅವ್ವ ತಿಳಿದಿದ್ದಳು. "ಎರಡ್ಯಾಕ್ರಿ, ಎಲ್ಲಾ ನಮ್ಮ ಹುಡುಗೀನ ಹೊಸದಾಳ್ರಿ" ಎಂದಳು. ಅಕ್ಕ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಅವಳು ಸೆರಗು ಸರಿಸಿ ಬಾತ ಬೆರಳನ್ನು ತೋರಿಸಿದಳು.

"ಇಲ್ರಿ ಅಜ್ಜಿ. ನಂಗ ಉಗುರುಸುತ್ತು ಆಗೇತ್ರಿ. ಅರ್ಧ ನನ್ನ ತಮ್ಮ ಹೊಸದಾನ್ರಿ. ಅವನು ಎಡಚ ಅದಾನ್ರಿ. ಹೊಸಿ ಅಂತ ಹೇಳಿದಾಕಿ ನಾನ."

ಅವ್ವನ ಮುಖ ಬಿಳಿಚಿಕೊಂಡಿತು. ಅಜ್ಜಿ ನನ್ನನ್ನು ಕರೆದು, ಎದುರಿಗೆ ಕೂರಿಸಿಕೊಂಡು, ಕಣಕದ ಉಂಡೆ ತರಿಸಿದರು. "ಹೊಸಿ, ನೋಡಾಣ." ನಾನು ಹೆದರಿ ಬಲಗೈಯಲ್ಲಿ ಹೊಸೆದೆ. "ಇದೇನೋ ಹುಣಸಿಬೀಜ!" ಎಂದು ಅಜ್ಜಿ ನಕ್ಕರು. "ಆ ಕೈ ಬ್ಯಾಡ. ತಾಟಿನ್ಯಾಗಿನವನ್ನ ಹೊಸದ ಕೈ ತೋರಿಸು."

ಎಡಗೈಯನ್ನು ಹೊರಗೆ ತೆಗೆದೆ. ಕಣಕ ಚಿವುಟಿದೆ. ಎರಡು ಬೀಜ ಕೆಟ್ಟವು, ಮೂರನೆಯದು ಸರಿಬಂತು. ಆಮೇಲೆ ಅಜ್ಜಿಯ ಅಂಗೈ ಮೇಲೆ ಜೀರಿಗೆಯಂಥ ಬೀಜಗಳು ಸಾಲಾಗಿ ಬಿದ್ದವು. ಮನೆಯವರೆಲ್ಲ ಬಗ್ಗಿ ನೋಡುತ್ತಿದ್ದರು.

ಅಜ್ಜಿ ಅವ್ವನ ಕಡೆ ತಿರುಗಿದರು. "ಬೆಂದ ಮ್ಯಾಲೆ ಎಡ ಯಾವುದು, ಬಲ ಯಾವುದ್ರಿ? ಹುಗ್ಗಿ ಹುಗ್ಗೀನ. ಬೀಜ ಸಣ್ಣಗ ಹೊಸಿಯೋರು ಭಾಳ ಮಂದಿ ಸಿಗ್ತಾರ. ಕೇಳಿದ್ರ ಖರೇ ಹೇಳೋ ಹುಡುಗಿ ಸಿಗೋದು ಕಷ್ಟ." ಅಕ್ಕ ಅಲ್ಲೇ ಅತ್ತುಬಿಟ್ಟಳು. ನಾನೂ ಅತ್ತೆ, ಯಾಕೆಂದು ನನಗೇ ತಿಳಿಯಲಿಲ್ಲ.

ಅಕ್ಕನ ಮದುವೆ ಮುಗಿದ ಮೇಲೂ ಅವ್ವ ಬಲಗೈಯಲ್ಲೇ ಉಣ್ಣು ಎಂದು ಗದರುತ್ತಿದ್ದಳು. ಆದರೆ ಕಟ್ಟುವುದನ್ನು ಬಿಟ್ಟಳು. ಆ ಸೀರೆಯ ಚೂರು ಒಲೆ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು.

ಈಗ ನೀವು ಅಂಗಡಿಯಿಂದ ಶಾವಿಗೆ ಪೊಟ್ಟಣ ತರುತ್ತೀರಿ. ಕನ್ನಡಕ ಹಾಕಿಕೊಂಡು ನೋಡಿದ್ದೇನೆ, ಎಲ್ಲ ಒಂದೇ ಅಳತೆ, ಯಾರ ಕೈಯೂ ಕಾಣುವುದಿಲ್ಲ. ಇರಲಿ, ರುಚಿಗೇನೂ ಮೋಸವಿಲ್ಲ. ಪುಟ್ಟೀ, ನೀನು ಎಡಗೈಯಲ್ಲಿ ಬರೆಯುತ್ತೀಯ, ಎಡಗೈಯಲ್ಲೇ ಚಿತ್ರ ಬಿಡಿಸಿ ಶಾಲೆಯಲ್ಲಿ ಬಹುಮಾನವನ್ನೂ ತರುತ್ತೀಯ. ನಿನಗೆ ಕೆಟ್ಟ ಕೈ ಎಂಬುದೇ ಇಲ್ಲ. ಅದು ನನಗೆ ಎಷ್ಟು ಸಂತೋಷ ಗೊತ್ತೇ?

ಮೊನ್ನೆ ನಾವಿಬ್ಬರೂ ಕೂತು ಹೊಸೆದೆವಲ್ಲ, ನನ್ನವು ಹುಣಸೆಬೀಜವಾದವು. ವಯಸ್ಸಾಯಿತು, ಬೆರಳು ಕೇಳುವುದಿಲ್ಲ. ನೀನು ಆಡಲು ಓಡಿಹೋದ ಮೇಲೆ ನಿನ್ನದೊಂದನ್ನು ಅಂಗೈ ಮೇಲಿಟ್ಟು ನೋಡಿದೆ. ಜೀರಿಗೆಯಷ್ಟು ಸಣ್ಣದು, ಎಡಕ್ಕೆ ತಿರುವು. ಅಕ್ಕ ಇರಬೇಕಿತ್ತು, ಬೆಳಕಿಗೆ ಹಿಡಿದು ನೋಡುತ್ತಿದ್ದಳು.