ತಾಮ್ರದ ಕೊಡದ ನೀರು

ನನ್ನ ಅತ್ತೆ "ಸಾಕು" ಎಂದಿದ್ದನ್ನು ನಾನು ಕೇಳಿರಲಿಲ್ಲ. ಬೇರೆಯವರು ಹೇಳಿದರೆ ಅವರಿಗೆ ಕೇಳಿಸುತ್ತಲೂ ಇರಲಿಲ್ಲ. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದ ಹೊಸದರಲ್ಲಿ ಎರಡು ರೊಟ್ಟಿ ತಿಂದು ತಾಟಿಗೆ ಕೈ ಅಡ್ಡ ಹಿಡಿದರೆ, ಮೂರನೆಯದು ಆ ಕೈಯ ಮೇಲೆಯೇ ಬಂದು ಬೀಳುತ್ತಿತ್ತು. ಅದರ ಮೇಲೆ ಶೇಂಗಾ ಚಟ್ನಿ, ಚಟ್ನಿಯ ಮೇಲೆ ಎಣ್ಣೆ. ಹೊಟ್ಟೆ ಬಿರಿಯುವಂತಾಗಿ ಗೋಡೆಗೊರಗಿ ಕೂತು ಅವರನ್ನು ಮನಸ್ಸಿನಲ್ಲೇ ಬೈದದ್ದುಂಟು.

ಅವರು ಹನ್ನೂರಿನವರು, ಕುರಿಗಳ ನಡುವೆ ಬಾಳಿದವರು. ಮಾವ ತೀರಿಕೊಂಡ ಮೇಲೆ ಹಿಂಡನ್ನು ಮೈದುನನಿಗೆ ಒಪ್ಪಿಸಿ, ಮಿಲ್ಲಿನಲ್ಲಿ ಕೆಲಸಕ್ಕಿದ್ದ ಮಗನ ಹತ್ತಿರ ಬಂದಿದ್ದರು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವರಿಗೆ ಮೇಯಿಸಲು ನಾನೊಬ್ಬಳೇ ಸಿಕ್ಕಿದ್ದೆ.

ಅಷ್ಟರಲ್ಲಿ ನನ್ನ ಗಂಡ ಒಂದು ಮೀನು ತಂದರು. ಮಿಲ್ಲಿನ ಸಾಹೇಬರೊಬ್ಬರು ಮುಂಬಯಿಗೆ ವರ್ಗವಾಗಿ ಹೋಗುವಾಗ, ತಗಡಿನ ಚೌಕಟ್ಟಿನ ಗಾಜಿನ ಪೆಟ್ಟಿಗೆಯನ್ನೂ ಅದರಲ್ಲಿದ್ದ ಕೆಂಪು ಮೀನನ್ನೂ ಇವರ ಕೈಗಿಟ್ಟಿದ್ದರು. ಅತ್ತೆ ಸೊಂಟಕ್ಕೆ ಕೈಯಿಟ್ಟು ನೋಡಿದರು.

"ಹಾಲ ಕೊಡಂಗಿಲ್ಲ, ಉಣ್ಣೆ ಕೊಡಂಗಿಲ್ಲ, ಒದರೂದೂ ಇಲ್ಲ. ಇದನ್ನ ತಗೊಂಡು ಏನ ಮಾಡ್ಲಿ?"

ಎಂಟು ದಿನದೊಳಗೆ ಅದರ ಮುಂದೆ ಕೂತು ಹನ್ನೂರಿನ ಸುದ್ದಿ ಹೇಳತೊಡಗಿದರು. ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. "ನೋಡ, ಹೂಂ ಅಂತೈತಿ" ಎನ್ನುವರು. ಸೊಲ್ಲಾಪುರ ಯಾವ ರಾಜ್ಯಕ್ಕೆ ಸೇರಬೇಕೆಂದು ಇಡೀ ಓಣಿ ವಾದಿಸುತ್ತಿದ್ದ ಕಾಲ ಅದು. ನಮ್ಮ ಮನೆಯಲ್ಲಿ ಮಾತ್ರ ಮೀನು ಉಂಡಿತೋ ಇಲ್ಲವೋ ಎಂಬುದೇ ಚರ್ಚೆ. ಡಬ್ಬಿಯ ಚುರುಮುರಿಯ ಜೊತೆಗೆ ನನ್ನ ಮೂರನೆಯ ರೊಟ್ಟಿಯಲ್ಲೂ ಅದಕ್ಕೆ ಪಾಲು ಹೋಗತೊಡಗಿದ್ದರಿಂದ ನನಗೂ ಅದರ ಮೇಲೆ ಪ್ರೀತಿ ಬಂತು.

ನಮ್ಮ ಮನೆಯಲ್ಲಿ ಕುಡಿಯುವ ನೀರು ತಾಮ್ರದ ಕೊಡದ್ದು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಕೊಡದಲ್ಲಿ ನಿಂತ ನೀರಿಗೆ ಗುಣ ಹೆಚ್ಚೆಂದು ಅತ್ತೆ ನಂಬಿದ್ದರು. ಮೀನಿಗೂ ಅದೇ ನೀರು. ಬಿಸಿಲಿಗೆ ಪೆಟ್ಟಿಗೆಯ ನೀರು ಆರಿದಷ್ಟೂ ಮೇಲಿಂದ ಸುರಿಯುವರು, ಹಳೆಯದನ್ನು ತೆಗೆಯುವ ಮಾತೇ ಇಲ್ಲ. ರವಿವಾರ ಮೈಲಾರನ ಪೂಜೆ ಮುಗಿಸಿ ನಮ್ಮೆಲ್ಲರ ಹಣೆಗೆ ಭಂಡಾರದ ಅರಿಶಿನ ಹಚ್ಚಿದ ಮೇಲೆ, ಒಂದು ಚಿಟಿಕೆ ನೀರಿಗೂ ಉದುರಿಸುವರು. ಊರಲ್ಲಿ ಕುರಿಗಳಿಗೂ ಹಾಗೆಯೇ ಹಚ್ಚುತ್ತಿದ್ದರಂತೆ. "ಅದೂ ಮನಿಯಾಗಿಂದ ಐತಿ" ಎನ್ನುವರು.

ಬೇಸಿಗೆಯಲ್ಲಿ ಮೀನಿನ ತಲೆಯ ಮೇಲೆ ಬಿಳಿ ಚುಕ್ಕೆಗಳೆದ್ದವು. ಕೆಲವೇ ದಿನಗಳಲ್ಲಿ ಅವು ಸಾಸಿವೆ ಕೂರುವಷ್ಟು ಕುಳಿಗಳಾದವು. ಮೀನು ಗಾಜಿನ ಹತ್ತಿರ ಬರುವುದನ್ನು ಬಿಟ್ಟು ಮೂಲೆ ಹಿಡಿಯಿತು. ಅತ್ತೆ ಉಣ್ಣುವುದನ್ನೇ ಮರೆತರು.

"ಹಿಂಡ ಬಿಟ್ಟು ಬಂದೆ. ಅದಕ್ಕ ದೇವ್ರು ಸಿಟ್ಟಾಗ್ಯಾನ. ಇದನ್ನೂ ಒಯ್ತಾನ" ಎಂದು ದಿನಾ ನೀರಿನಲ್ಲಿ ಕೈಯಿಳಿಸಿ ಆ ಕುಳಿಗಳಿಗೆ ಭಂಡಾರ ಹಚ್ಚತೊಡಗಿದರು. ಮಾವನ ಕೊನೆಯ ದಿನಗಳನ್ನು ಹೇಳುವಾಗಲೂ ಅಳದಿದ್ದ ಹೆಂಗಸು ಪೆಟ್ಟಿಗೆಯ ಮುಂದೆ ಅತ್ತರು. ಈ ಮೀನು ಹೋದರೆ ಇವರು ಇನ್ನೊಂದು ಜೀವವನ್ನು ಮುಟ್ಟಲಿಕ್ಕಿಲ್ಲ ಎನಿಸಿತು.

ಅಕ್ಕಲಕೋಟದ ಒಂದು ದೊಡ್ಡ ವಾಡೆಯ ತೋಟದಲ್ಲಿ ಮೀನಿನ ಹೊಂಡ ನೋಡಿಕೊಂಡಿದ್ದ ಮುದುಕನೊಬ್ಬ ಇದ್ದಾನೆಂದು ನನ್ನ ಗಂಡ ಕೇಳಿಕೊಂಡು ಬಂದರು. ಮರುದಿನವೇ ಅತ್ತೆಯೂ ನಾನೂ ಬಸ್ಸು ಹತ್ತಿದೆವು. ಮೀನು ಅತ್ತೆಯ ತೊಡೆಯ ಮೇಲೆ, ಬಾಯಿಗೆ ಬಟ್ಟೆ ಕಟ್ಟಿದ ಡಬ್ಬಿಯಲ್ಲಿ. ಕುಂಭಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು "ತುಪ್ಪ ಏನ್ರಿ?" ಎಂದಳು. "ಆಜಾರಿ ಐತಿ, ಸರೀರಿ ಅತ್ತಾಗ" ಎಂದು ಅತ್ತೆ ಗದರಿದರು. ಯಾರ ಕಾಯಿಲೆ ಎಂದು ತಿಳಿಯದೆ ಆಕೆ ಎದ್ದು ಬೇರೆ ಕಡೆ ಕೂತಳು.

ಮುದುಕ ಮೀನನ್ನು ಸರಿಯಾಗಿ ನೋಡಲೂ ಇಲ್ಲ. ಬೊಗಸೆಯಲ್ಲಿ ನೀರೆತ್ತಿ ಮೂಸಿದ. ಹೇಗೆ ಸಾಕಿದ್ದೀರಿ ಎಂದು ಕೇಳಿದ. ನಾವು ಕುರಿಯವರು, ಸಾಕುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ ಎಂದು ಶುರು ಮಾಡಿ, ಅತ್ತೆ ತಾಮ್ರದ ಕೊಡ, ರೊಟ್ಟಿ, ಚುರುಮುರಿ, ಭಂಡಾರ ಎಲ್ಲವನ್ನೂ ಹೆಮ್ಮೆಯಿಂದ ಹೇಳಿದರು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ.

"ಅಕ್ಕಾರ," ಎಂದ ಆತ ಮೆತ್ತಗೆ, "ಬ್ಯಾನಿ ಹತ್ತಿದ್ದು ನೀರಿಗ್ರಿ. ಕುರಿ ದೊಡ್ಡಿ ದಿನಾ ಕಸ ಹೊಡೀತಿದ್ರಿ ಹೌದಲ್ರಿ? ಇದರ ದೊಡ್ಡಿ ಈ ನೀರ. ಹೇಲೂದೂ ಇದರಾಗ, ಉಸರು ಆಡೂದೂ ಇದರಾಗ. ನೀರ ಆರತೈತಿ, ಹೊಲಸ ಆರಂಗಿಲ್ಲ. ತಾಮ್ರ ನಮಗ ಚಲೋ, ಮೀನಿಗೆ ವಿಷ."

"ಹಂಗಾರ ನಾ ಏನ ಮಾಡ್ಲಿ?"

"ಕಡಿಮಿ ಮಾಡ್ರಿ. ಎರಡ ದಿನಕ್ಕೊಮ್ಮಿ ಕಾಲ ಭಾಗ ನೀರ ತಗದ, ಮಣ್ಣಿನ ಗಡಗ್ಯಾಗ ಒಂದ ದಿನ ನಿಂತ ನೀರ ಹಾಕ್ರಿ. ಎಲ್ಲಾ ಒಮ್ಮಿಗೇ ಬದಲಿ ಮಾಡಬ್ಯಾಡ್ರಿ. ಚಿಟಿಕಿ ಅಷ್ಟ ತಿನ್ನಾಕ ಹಾಕ್ರಿ. ಆಮ್ಯಾಲ ಕೈ ಕಟಗೊಂಡು ಕೂಡ್ರಿ."

ಅತ್ತೆಗೆ ಇದಕ್ಕಿಂತ ಕಠಿಣ ಶಿಕ್ಷೆ ಯಾರೂ ಕೊಟ್ಟಿರಲಿಲ್ಲ. ಹಿಂದಿರುಗುವ ಬಸ್ಸು ಕುಂಭಾರಿ ದಾಟಿದ ಮೇಲೆ, "ದೇವ್ರಲ್ಲ, ನಾನ ಕೊಲ್ಲಾಕತ್ತಿದ್ದೆ" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಮದುವೆಯಾದ ಮೇಲೆ ನಾನಾಗಿ ಅವರನ್ನು ಮುಟ್ಟಿದ್ದು ಅದೇ ಮೊದಲು.

ಮಣ್ಣಿನ ಗಡಿಗೆಯೊಂದು ಮನೆಗೆ ಬಂತು. ನೀರು ತೆಗೆಯುವ ಕೆಲಸ ನನ್ನದಾಯಿತು. ಅತ್ತೆ ಚುರುಮುರಿಯ ಡಬ್ಬಿಗೆ ಕೈಹಾಕಿ, ನನ್ನ ಮುಖ ನೋಡಿ, ಕೈ ಹಿಂದೆ ತೆಗೆಯುವರು. ನಗು ಬರುತ್ತಿತ್ತು, ಕನಿಕರವೂ ಆಗುತ್ತಿತ್ತು. ರವಿವಾರದ ಭಂಡಾರವನ್ನು ನೀರಿಗೆ ಉದುರಿಸುವುದನ್ನು ಬಿಟ್ಟು ತಗಡಿನ ಚೌಕಟ್ಟಿಗೆ ಹಚ್ಚತೊಡಗಿದರು.

ಮಳೆ ಹಿಡಿಯುವ ಹೊತ್ತಿಗೆ ಕುಳಿಗಳು ತುಂಬಿಕೊಂಡವು. ಕಣ್ಣಿನ ಮೇಲೊಂದು ತಗ್ಗು ಮಾತ್ರ ಉಳಿಯಿತು. ಒಂದು ಮಧ್ಯಾಹ್ನ ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಏನೂ ಹಾಕಲಿಲ್ಲ.

ಆ ದಿನ ನಾನು ಊಟಕ್ಕೆ ಕೂತೆ. ಎರಡು ರೊಟ್ಟಿ ಮುಗಿದವು. ಮೂರನೆಯದನ್ನು ಹಿಡಿದ ಅವರ ಕೈ ತಾಟಿನ ಮೇಲೆ ಬಂದು ನಿಂತಿತು.

"ಹಾಕ್ಲೇನವಾ, ಸಾಕಾತೇನ?"

ಹೊಟ್ಟೆಯಲ್ಲಿ ಎಳ್ಳಷ್ಟೂ ಜಾಗವಿರಲಿಲ್ಲ.

"ಹಾಕ್ರಿ ಅತ್ತಿ" ಎಂದೆ.