ನಿಂತ ಮೋಟಾರಿನ ಬಿಲ್ಲು

ಮೊನ್ನೆ ರಾಗಿ ಬೀಸಿಸಲೆಂದು ಹಳೇಬೀಡಿನ ಗಿರಣಿಗೆ ಹೋದಾಗ ಬಿಸಿ ಹಿಟ್ಟಿನ ವಾಸನೆ ಮೂಗಿಗೆ ತಾಗಿತು. ಒಡನೆಯೇ ಬಾಣಾವರದಲ್ಲಿ ನಮ್ಮ ತಂದೆಯವರು ನಡೆಸುತ್ತಿದ್ದ ಹಿಟ್ಟಿನ ಗಿರಣಿ ಕಣ್ಣೆದುರು ನಿಂತಿತು.

ಮೋಟಾರನ್ನು ಚಾಲೂ ಮಾಡುವಾಗಲೇ ಅದು ಹೆಚ್ಚು ಕರೆಂಟು ಕುಡಿಯುತ್ತದೆಂಬುದು ಅವರ ದೃಢವಾದ ನಂಬಿಕೆ. ಆದ್ದರಿಂದ ನಾಲ್ಕೈದು ಪುಟ್ಟಿ ರಾಗಿ ಸೇರುವವರೆಗೆ ಅವರು ಸ್ವಿಚ್ಚು ಮುಟ್ಟುತ್ತಿರಲಿಲ್ಲ.

"ಕೂತ್ಕೊಳವ್ವ, ಇನ್ನಿಬ್ರು ಬರ್ಲಿ."

"ಒಲೆ ಮೇಲೆ ಎಸರಿಟ್ಟು ಬಂದಿವ್ನಿ ಕಣಣ್ಣ, ಅದಕ್ಕೂ ಕಾಯಕ್ಕೇಳ್ಲಾ?"

ಹೀಗೆ ಸಿಡುಕಿದ ಹೆಂಗಸರು ಒಬ್ಬೊಬ್ಬರಾಗಿ ಕೆಳಬೀದಿಯ ಡೀಸೆಲ್ ಗಿರಣಿಯ ಹಾದಿ ಹಿಡಿದರು. ಬೀಸುವ ಕೆಲಸ ಅರ್ಧಕ್ಕಿಳಿಯಿತು. ಬಿಲ್ಲು ಮಾತ್ರ ಅರ್ಧಕ್ಕಿಳಿಯಲಿಲ್ಲ. ತಂದೆಯವರು ಮೀಟರು ಓದಲು ಬಂದವನನ್ನು ತಡೆದು ಏಕೆಂದು ಕೇಳಿದರು. ಅವನು ಹೇಳಿದ:

"ಯೂನಿಟ್ಟಿನ ದುಡ್ಡು ಬೇರೆ ಯಜಮಾನ್ರೇ. ಮಿಲ್ಲು ಓಡ್ದೇ ಇದ್ರೂ ಮೋಟಾರಿನ ಶಕ್ತಿಗೆ ತಕ್ಕಂಗೆ ತಿಂಗ್ಳಾ ತಿಂಗ್ಳಾ ಕಟ್ಲೇಬೇಕು."

"ನಿಂತಿರೋ ಮೋಟಾರು ಏನ್ಲಾ ತಿಂದೀತು?"

"ಅದನ್ನ ನನ್ನ ಕೇಳಿದ್ರೆ?"

ಒಳಗಿನಿಂದ ತಾಯಿಯವರು ಚುಚ್ಚಿದರು: "ಗಿರಾಕಿ ಹೋದ್ರು, ಬಿಲ್ಲು ಉಳೀತು. ಇನ್ನೂ ಕಾಯ್ರಿ!"

ತಂದೆಯವರು ಮೀಟರಿನೊಳಗೆ ಅಲುಗದೆ ನಿಂತಿದ್ದ ಚಕ್ರವನ್ನೇ ದಿಟ್ಟಿಸಿದರು. ಓಡಿಸಿದರೂ ಖರ್ಚು, ನಿಲ್ಲಿಸಿದರೂ ಖರ್ಚು; ಹಾಗಾದರೆ ಉಳಿಸುವುದೆಲ್ಲಿ? ಗಿರಣಿಯನ್ನು ಮಾರಿದ ದಿನವೂ ಅವರಿಗೆ ಅದು ಅರ್ಥವಾಗಿರಲಿಲ್ಲ.

ಹಳೇಬೀಡಿನ ಗಿರಣಿಯ ಗೋಡೆಯಲ್ಲಿ ಹೊಸ ಮೀಟರಿನ ಕೆಂಪು ದೀಪ ಮಿನುಗುತ್ತಿತ್ತು. ಗಿರಣಿಯ ತರುಣ ನನ್ನತ್ತ ಸ್ಟೂಲು ಸರಿಸಿದ.

"ಕೂತ್ಕೊಳ್ಳಿ ಮೇಷ್ಟ್ರೇ, ಇನ್ನಿಬ್ರು ಬರ್ಲಿ."

ಅವನನ್ನು ತಿದ್ದಲು ಬಾಯಿ ತೆರೆದೆ. ಏನೆಂದು ತಿದ್ದಬೇಕೆಂಬುದು ನನಗೂ ತಿಳಿಯಲಿಲ್ಲ. ರಾಗಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಯಾರಾದರೂ ಬಂದಾರೇ ಎಂದು ಬೀದಿಯತ್ತ ನೋಡುತ್ತ ಕುಳಿತೆ.